ನೇರನುಡಿ ನಮ್ಮವರಲ್ಲ

ತಿಪಟೂರಿನ ಗ್ರೈಂಡರ್ ಕಂಪನಿಯೊಂದರಲ್ಲಿ ಗ್ರಾಹಕರ ದೂರು ನೋಡಿಕೊಳ್ಳುವ ಗುಮಾಸ್ತೆಯೊಬ್ಬಳಿದ್ದಳು. ಒಂದು ಬೆಳಿಗ್ಗೆ ಮಾಲೀಕರು ಅವಳನ್ನೂ ಮ್ಯಾನೇಜರ್ ಷಡಕ್ಷರಿಯನ್ನೂ ಕರೆದು ಕೂರಿಸಿದರು.

"ಏನಮ್ಮ ಇದು? ಆನ್‌ಲೈನ್ ವೇದಿಕೆಯಲ್ಲಿ 'ನೇರನುಡಿ' ಅನ್ನೋನು ಯಾರೋ ನಮ್ಮ ಪರವಾಗಿ ಜಗಳ ಆಡ್ತಿದ್ದಾನೆ. ಹಿಟ್ಟಿನ ಹದ ಗೊತ್ತಿಲ್ಲದವರು ಗ್ರೈಂಡರ್ ಯಾಕೆ ಕೊಂಡ್ರಿ ಅಂತ ಗ್ರಾಹಕರಿಗೇ ಬೈದಿದ್ದಾನೆ. ಕಂಪನಿಯೇ ಬೈತು ಅಂತ ಅವರು ನೋಟಿಸ್ ಕಳಿಸಿದ್ದಾರೆ!"

"ಅಲ್ಲಿ ಬರೆಯೋದು ಇವರ ಕೆಲಸ ತಾನೇ ಸಾರ್," ಎಂದ ಷಡಕ್ಷರಿ.

"ಯಾರು ಅಂತ ಈಗಲೇ ಹೇಳಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ," ಎಂದರು ಮಾಲೀಕರು ಅವಳಿಗೆ.

ಅವಳ ಅನುಮಾನ ಷಡಕ್ಷರಿಯ ಮೇಲೇ ಇತ್ತು, ಆದರೆ ಹೇಳಿದರೆ ನಂಬುವವರಾರು? ಆ ಕಂಪನಿಯಲ್ಲಿ ಯಾರಿಗೆ ಏನು ಹೊಳೆದರೂ ಅದು ಮಾಲೀಕರಿಗೆ ಹೊಳೆದದ್ದು ಎನ್ನುವುದೇ ರೂಢಿ. ಹಿಟ್ಟು ಸುರಿಯಲು ಒಂದೇ ಕೈಯಲ್ಲಿ ಬಗ್ಗಿಸುವ ಗ್ರೈಂಡರ್ ಹೊಳೆದದ್ದು ಷಡಕ್ಷರಿಗೆ. ಹತ್ತು ವರ್ಷದಿಂದ ಅವನು ಆ ಮಾತು ನುಂಗಿಕೊಂಡಿದ್ದ; ಗ್ರೈಂಡರನ್ನು ಯಾರಾದರೂ ದೂರಿದರೆ ಮಾತ್ರ ಸಹಿಸುತ್ತಿರಲಿಲ್ಲ.

"ಒಂದು ನಿಮಿಷ ಸಾರ್, ಕಂಪನಿ ಹೆಸರಲ್ಲಿ ಉತ್ತರ ಹಾಕ್ತೀನಿ," ಎಂದು ಅವಳು ಮೊಬೈಲಿನಲ್ಲಿ ಬರೆದು ಹಾಕಿ, ಗಟ್ಟಿಯಾಗಿ ಓದಿದಳು: "ನೇರನುಡಿ ನಮ್ಮವರಲ್ಲ. ಬಗ್ಗಿಸುವ ಗ್ರೈಂಡರ್ ನಮ್ಮ ಮಾಲೀಕರೇ ಕಂಡುಹಿಡಿದದ್ದು ಎಂಬುದೂ ಆ ನೇರನುಡಿಗೆ ತಿಳಿಯದು."

ಮಾಲೀಕರು ಮೀಸೆ ತಿರುವಿದರು. ಷಡಕ್ಷರಿಯ ಎರಡೂ ಕೈ ಮೇಜಿನ ಕೆಳಗೆ ಹೋದವು.

ಅವಳ ಮೊಬೈಲು ಟಿಣ್ ಎಂದಿತು. ಅದನ್ನು ಮಾಲೀಕರ ಮುಂದಿಟ್ಟಳು. ನೇರನುಡಿ ಬರೆದಿದ್ದ: "ಸುಳ್ಳು! ಅದು ಷಡಕ್ಷರಿಯವರ ತಲೆ. ಮಾಲೀಕರಿಗೆ ಗ್ರೈಂಡರಿನ ಪ್ಲಗ್ ಹಾಕೋಕೂ ಬರಲ್ಲ."

ಮಾಲೀಕರು ಎರಡು ಸಲ ಓದಿದರು. "ಷಡಕ್ಷರಿ, ಕೈ ಮೇಲೆ ತೆಗೀರಿ."

ಕೈಯ ಜೊತೆ ಮೊಬೈಲೂ ಮೇಲೆ ಬಂತು.

"ನೀವು ನಾಳೆಯಿಂದಲೂ ಬನ್ನಿ ಅಮ್ಮ," ಎಂದರು ಮಾಲೀಕರು. ಆಮೇಲೆ ದನಿ ತಗ್ಗಿಸಿ, "ಮೊದಲು ಆ ಪ್ಲಗ್ಗಿನ ಸಾಲು ಅಳಿಸೋಕೆ ಆಗುತ್ತಾ ನೋಡಿ."