ಮಂತ್ರಿಯೂ ಒದ್ದೆ ದುಪ್ಪಟಿಯೂ

ಮಂತ್ರಿಯಾದಂದಿನಿಂದ ಎರ್ಮೆತೆಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದ ಇಟಲಿ ಅದು. ಐದು ಪಕ್ಷಗಳು ಸೇರಿ ಸರ್ಕಾರ ಮಾಡಿದ್ದವು. ಸೇರಿದ್ದವು ಅನ್ನುವುದು ಮಾತಿಗಷ್ಟೇ. ಒಬ್ಬರ ಮುಖ ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಎರ್ಮೆತೆಯದು ಅವುಗಳಲ್ಲೆಲ್ಲ ಚಿಕ್ಕ ಪಕ್ಷ. ಆದರೆ ಅದು ಎದ್ದುಹೋದರೆ ಸರ್ಕಾರ ಉಳಿಯುತ್ತಿರಲಿಲ್ಲ, ಹಾಗಾಗಿ ಅವನ ಗತ್ತಿಗೇನೂ ಕೊರತೆಯಿರಲಿಲ್ಲ.

ನಾಳೆ ವಿಶ್ವಾಸಮತ. ಬೆಂಬಲ ಹಿಂತೆಗೆದುಕೊಂಡರೆ ಮುಂದಿನ ಸರ್ಕಾರದಲ್ಲಿ ಗೃಹ ಖಾತೆ ನಿನಗೇ ಎಂದು ಎದುರಾಳಿಗಳು ಆಸೆ ತೋರಿಸಿದ್ದರು. ಎರ್ಮೆತೆಯ ಬಾಯಲ್ಲಿ ನೀರೂರಿತ್ತು, ಆದರೂ ತೀರ್ಮಾನ ಮಾಡಲಾಗಿರಲಿಲ್ಲ. ಹುಡುಗನಾಗಿದ್ದಾಗ ಓದಿದ ನದಿ ದಂಡೆಯ ಮಠ ನೆನಪಾಯಿತು. ಅಲ್ಲಿ ಅವನ ಗುರು ಗೌದೆಂಜಿಯೊ ಇನ್ನೂ ಇದ್ದರು.

ಮಠದ ಎದುರಿನ ಸೇತುವೆಯನ್ನು ಯುದ್ಧದಲ್ಲಿ ಉಡಾಯಿಸಿದ್ದರು. ಕಾರನ್ನೂ ಪಕ್ಷದ ಕಾರ್ಯದರ್ಶಿಯನ್ನೂ ಆಚೆ ದಡದಲ್ಲೇ ಬಿಟ್ಟು ಎರ್ಮೆತೆ ದೋಣಿಯಲ್ಲಿ ದಾಟಿದ.

ಗುರುಗಳು ನೀರಿನಂಚಿನಲ್ಲಿ ಕೂತು ಮಠದ ಆಸ್ಪತ್ರೆಯ ದುಪ್ಪಟಿ ಒಗೆಯುತ್ತಿದ್ದರು.

“ಬಂದ್ಯೇನಪ್ಪಾ? ಕೂತ್ಕೋ.”

ಎರ್ಮೆತೆ ಕೂತ. ಮರುಕ್ಷಣವೇ ಎದ್ದ.

“ಸಾಕಾಗಿಹೋಗಿದೆ ಗುರುಗಳೇ. ನಾನು ಬಲಕ್ಕೆ ತಿರುಗಿಸಿದರೆ ಇನ್ನೊಬ್ಬ ಎಡಕ್ಕೆ ತಿರುಗಿಸ್ತಾನೆ. ಇಂಥವರ ಜೊತೆ ಇದ್ದು ಏನು ಕೆಲಸ ಆಗುತ್ತೆ?”

“ಈಗ ಯಾವ ಖಾತೆ ನಿಂದು?”

“ಲೋಕೋಪಯೋಗಿ.”

“ಅದಕ್ಕೆ ಮುಂಚೆ?”

“ಅಂಚೆ. ಅದಕ್ಕೂ ಮುಂಚೆ ಕೃಷಿ. ನಡುವೆ ರೈಲ್ವೆ ಕೊಟ್ಟಿದ್ದರು, ನಾನು ರೈಲು ಹತ್ತೋಕೆ ಮುಂಚೆ ಸರ್ಕಾರವೇ ಬಿತ್ತು.”

“ಲೋಕೋಪಯೋಗಿ ಇದೇ ಮೊದಲ ಸಲವಾ?”

“ಹೌದು, ಇದೇ ಮೊದಲು.”

ಗುರುಗಳು ದುಪ್ಪಟಿಯನ್ನು ಪಕ್ಕಕ್ಕೆ ಸರಿಸಿದರು. ಒಗೆಯುವ ಕಲ್ಲಿನ ಮೇಲೆ ಅಕ್ಷರಗಳಿದ್ದವು. ಹೊಸ ಸೇತುವೆಗೆ ಅಡಿಗಲ್ಲು ಇಟ್ಟವರು ಲೋಕೋಪಯೋಗಿ ಮಂತ್ರಿ ಎರ್ಮೆತೆ ಎಂದು ಅದರಲ್ಲಿ ಕೆತ್ತಿತ್ತು.

ವಾದ್ಯದವರು, ಹೂಮಾಲೆ, ತನ್ನ ಉದ್ದನೆಯ ಭಾಷಣ, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಅದಾದ ಕೆಲವೇ ದಿನಗಳಲ್ಲಿ ಸರ್ಕಾರ ಬಿದ್ದಿತ್ತು. ಆ ಖಾತೆ ಹಿಂದೊಮ್ಮೆ ತನ್ನದಾಗಿತ್ತು ಅನ್ನುವುದನ್ನೇ ಅವನು ಮರೆತುಬಿಟ್ಟಿದ್ದ. ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟೂ ಬಂತು.

“ನನ್ನ ಹೆಸರಿನ ಮೇಲೆ ಬಟ್ಟೆ ಒಗೀತೀರಾ?”

“ಒಳ್ಳೆ ಕಲ್ಲಪ್ಪಾ. ನಿನ್ನ ಹಿಂದಿನ ಮಂತ್ರಿ ಇಟ್ಟದ್ದೂ ಒಂದಿದೆ, ಅದು ತುಂಬ ನುಣುಪು. ಬಟ್ಟೆ ಜಾರುತ್ತೆ.”

ಎರ್ಮೆತೆ ಕಲ್ಲಿನ ಅಕ್ಷರಗಳ ಮೇಲೆ ಬೆರಳಾಡಿಸಿದ.

“ಸೇತುವೆ ಮಸೂದೆ ಈ ವಾರವೇ ಬರೋದಿತ್ತು,” ಎಂದ.

“ಸರ್ಕಾರ ಬಿದ್ದರೆ?”

“ಮತ್ತೆ ಮೊದಲಿಂದ.”

ಗುರುಗಳು ದುಪ್ಪಟಿಯ ಒಂದು ತುದಿಯನ್ನು ಅವನ ಕೈಗಿಟ್ಟರು. “ಹಿಡಿ. ಹಿಂಡೋಣ. ಒಳಗೆ ರೋಗಿಗಳು ಬರೀ ಹುಲ್ಲಿನ ಮೇಲೆ ಮಲಗಿದ್ದಾರೆ.”

ಎರ್ಮೆತೆ ಗುರುಗಳ ಮೇಲಿನ ಗೌರವಕ್ಕೆ ಅವರು ತಿರುಗಿಸಿದ ಕಡೆಗೇ ತಿರುಗಿಸಿದ. ದುಪ್ಪಟಿ ಸುಮ್ಮನೆ ಉರುಳಿತು. ಒಂದು ಹನಿಯೂ ಬೀಳಲಿಲ್ಲ.

“ನನ್ನ ಜೊತೆ ಸುತ್ತಬೇಡ. ಎದುರು ದಿಕ್ಕಿಗೆ ತಿರುಗಿಸು.”

ಅವನು ಎದುರಿಗೆ ತಿರುಗಿಸಿದ. ನೀರು ಧಾರೆಯಾಗಿ ಇಳಿಯಿತು. ಅದನ್ನೇ ನೋಡುತ್ತ ನಿಂತ ಎರ್ಮೆತೆ ಒಂದು ಗಳಿಗೆ ನಾಳೆಯನ್ನು ಮರೆತ.

ಅಷ್ಟರಲ್ಲಿ ಆಚೆ ದಡದಿಂದ ಕಾರಿನ ಹಾರ್ನ್ ಕೇಳಿಸಿತು. ಅವನು ತಟ್ಟನೆ ಕೈಬಿಟ್ಟು ತಿರುಗಿದ. ದುಪ್ಪಟಿ ಕೆಸರಿಗೆ ಬಿತ್ತು.

ಗುರುಗಳು ಬೈಯಲಿಲ್ಲ. ಎತ್ತಿಕೊಂಡು ಹೋಗಿ ಮತ್ತೆ ನೀರಿಗೆ ಅದ್ದಿ, ಮತ್ತೆ ಸೋಪು ಹಚ್ಚಿ, ಮತ್ತೆ ಉಜ್ಜತೊಡಗಿದರು. ಅವರ ಬೆರಳುಗಳು ತಣ್ಣೀರಿಗೆ ನೀಲಿಗಟ್ಟಿದ್ದನ್ನು ಎರ್ಮೆತೆ ಆಗ ಕಂಡ. ಬೈದಿದ್ದರೇ ವಾಸಿಯಿತ್ತು.

ದುಪ್ಪಟಿ ಮತ್ತೆ ಬೆಳ್ಳಗಾಯಿತು. ಈ ಸಲ ಅವನೇ ಮುಂದೆ ಬಂದು ತುದಿ ಹಿಡಿದ.

ಕಾದು ಕಾದು ಬೇಸತ್ತ ಕಾರ್ಯದರ್ಶಿ ದೋಣಿಯಲ್ಲಿ ದಾಟಿಕೊಂಡು ಬಂದ. ಬೆಂಬಲ ಹಿಂತೆಗೆಯುವ ಪತ್ರ ಬರೆದು ತಂದಿದ್ದ, ಪೆನ್ನಿನ ಕ್ಯಾಪನ್ನೂ ಬಿಚ್ಚಿ ಹಿಡಿದಿದ್ದ.

“ಸಾಹೇಬ್ರೇ, ಒಂದು ರುಜು. ಅವರು ಕಾಯ್ತಿದ್ದಾರೆ. ತಡವಾದರೆ ಗೃಹ ಖಾತೆ ಇನ್ನೊಬ್ಬರ ಪಾಲಾಗುತ್ತೆ.”

ಎರ್ಮೆತೆ ಪೆನ್ನು ನೋಡಿದ. ಆಸೆ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. ದುಪ್ಪಟಿ ಹಿಡಿದ ಬೆರಳುಗಳು ಒಮ್ಮೆ ಸಡಿಲವಾದವು. ಆ ತುದಿಯಲ್ಲಿ ಗುರುಗಳು ಅವನ ಮುಖ ನೋಡದೆ ತಮ್ಮ ಪಾಡಿಗೆ ತಾವು ತಿರುಗಿಸುತ್ತಿದ್ದರು.

ಎರ್ಮೆತೆ ಹಿಡಿತ ಬಿಗಿ ಮಾಡಿದ.

“ರುಜು ಹಾಕೋಕೆ ಕೈ ಖಾಲಿ ಇಲ್ಲ ಕಣಯ್ಯಾ.”

“ಹಾಗಂದ್ರೆ ಏನಂತ ಹೇಳಲಿ?”

“ಉಳೀತೀವಿ ಅಂತ ಹೇಳು.”

ಕಾರ್ಯದರ್ಶಿ ಹಣೆ ಚಚ್ಚಿಕೊಂಡು ದೋಣಿಯ ಕಡೆ ನಡೆದ. ದೋಣಿ ದೂರವಾಗುವುದನ್ನೇ ನೋಡುತ್ತ ಎರ್ಮೆತೆ ಕೇಳಿದ.

“ಗುರುಗಳೇ, ಉಳೀತೀವಿ ಅಂದದ್ದೇನೋ ಆಯ್ತು. ಐದು ಜನ ಐದು ಕಡೆ ಎಳೆಯೋ ಈ ಸರ್ಕಾರ ಇನ್ನೆಷ್ಟು ದಿನ ಬಾಳುತ್ತೆ?”

“ನೀರು ಇನ್ನೂ ಇಳೀತಾ ಇದೆ. ತಿರುಗಿಸು.”