ಸಾಕವ್ವನ ಕೈ ಮತ್ತು ಹಳೇ ಕಡಚಲು

ಒಂದಾನೊಂದು ರಾಜ್ಯ. ಹೆಸರು ಬೇಡ, ಹೇಳಿದರೆ ಅಲ್ಲಿಯವರು ಜಗಳಕ್ಕೆ ಬರುತ್ತಾರೆ. ಅಲ್ಲೊಬ್ಬ ರಾಜನಿದ್ದ. ಅವನು ಈ ಕಥೆಯ ಕೊನೆಗೆ ಬರುತ್ತಾನೆ, ರಾಜರು ಬರುವುದೇ ಆಗ. ಅಲ್ಲಿಯವರೆಗೆ ಉಂಡು ಮಲಗಿರಲಿ. ಕಥೆ ಸಾಕವ್ವನದು.

ಸಾಕವ್ವ ಹುಟ್ಟಿದ್ದು ಮರ ಕಡೆಯುವವರ ಮನೆಯಲ್ಲಿ. ಮರ ಕಡೆಯುವುದನ್ನು ನೋಡದ ಮಕ್ಕಳು ಕೇಳಿ. ಅದಕ್ಕೊಂದು ಯಂತ್ರ, ಹೆಸರು ಕಡಚಲು. ಎರಡು ಗೂಟ, ನಡುವೆ ಒಂದು ಕಬ್ಬಿಣದ ಸರಳು, ಸರಳಿಗೆ ಸುತ್ತಿದ ಒಂದು ಹಗ್ಗ. ಸರಳಿನ ತುದಿಗೆ ಮರದ ತುಂಡನ್ನು ಬಡಿದು ಕೂರಿಸುತ್ತಾರೆ. ಒಬ್ಬರು ಹಗ್ಗ ಎಳೆಯಬೇಕು. ಮರ ಗಿರ್ರನೆ ತಿರುಗುತ್ತದೆ. ಇನ್ನೊಬ್ಬರು ಕೂತು ಉಳಿ ಹಿಡಿಯಬೇಕು. ಸಿಪ್ಪೆ ಹಾರುತ್ತದೆ, ಬಟ್ಟಲು ಉಳಿಯುತ್ತದೆ. ಉಳಿ ಹಿಡಿದವರಿಗೆ ಹೆಸರು. ಹಗ್ಗ ಎಳೆದವರಿಗೆ ತೋಳು ನೋವು.

ಆ ರಾಜ್ಯದಲ್ಲಿ ಹೆಂಗಸರು ಹಗ್ಗ ಎಳೆಯಬಹುದಿತ್ತು, ಉಳಿ ಹಿಡಿಯುವಂತಿರಲಿಲ್ಲ. ಯಾಕೆ ಎಂದರೆ "ಮೊದಲಿಂದ ಹಾಗೇ" ಅನ್ನುತ್ತಿದ್ದರು. ಮೊದಲು ಅಂದರೆ ಯಾವಾಗ ಎಂದು ಕೇಳಿದರೆ ಸಿಟ್ಟಾಗುತ್ತಿದ್ದರು.

ಸಾಕವ್ವ ಅಪ್ಪನಿಗೆ ಹಗ್ಗ ಎಳೆದಳು. "ಅಪ್ಪಾ, ಒಂದು ಸಲ ಉಳಿ ಕೊಡು." "ಮುಂದಿನ ಮಳೆಗಾಲಕ್ಕೆ, ಮಗಳೇ." ಮಳೆಗಾಲ ಬಂತು, ಅಪ್ಪ ಇರಲಿಲ್ಲ. ಗಂಡನಿಗೆ ಹಗ್ಗ ಎಳೆದಳು. "ಒಂದು ಸಲ ಉಳಿ ಕೊಡ್ರೀ." "ಹಬ್ಬ ಕಳೀಲಿ ಕಣೇ." ಹಬ್ಬ ಕಳೆಯಿತು, ಗಂಡನೂ ಹೋದ. ಮೈದುನನಿಗೆ ಹಗ್ಗ ಎಳೆದಳು. "ಒಂದು ಸಲ ಕೊಡಪ್ಪ." ಮೈದುನ ನಕ್ಕ. ಮಾರನೆಯ ದಿನ ಕಡಚಲನ್ನು ಗಾಡಿಗೆ ಹಾಕಿಕೊಂಡು ಹೆಂಡತಿಯ ಊರಿಗೆ ಹೊರಟುಹೋದ.

ಗಾಡಿ ಹೋದ ಮೇಲೆ ಹಿತ್ತಲ ಮಾಡಿನಡಿಯ ನೆಲದಲ್ಲಿ ಗೂಟ ಕಿತ್ತ ಎರಡು ಗುಳಿ ಉಳಿದವು. ಸಾಕವ್ವ ಅವನ್ನು ಮುಚ್ಚಲಿಲ್ಲ. ಅರಮನೆಯ ಉಗ್ರಾಣದಲ್ಲಿ ಅಕ್ಕಿ ಕೇರುವ ಕೆಲಸಕ್ಕೆ ಸೇರಿದಳು. ಮೊರ ಹಿಡಿದಾಗಲೂ ಅವಳ ಬಲಗೈ ಹೆಬ್ಬೆರಳು ಉಳಿಯ ಹಿಡಿಯ ಮೇಲೆ ಕೂರುವ ಹಾಗೆ ಬಾಗಿರುತ್ತಿತ್ತು. ಬಟ್ಟಲು ಕಡೆಯುವ ಹಾಲೆ ಮರದ ಹಸಿ ವಾಸನೆ ಎಲ್ಲಿಂದ ಬಂದರೂ ನಿಂತು ಮೂಗು ಎತ್ತುತ್ತಿದ್ದಳು. ಜೊತೆಯವರು "ಏನೇ, ಯಾರ ಮನೇಲಿ ಒಗ್ಗರಣೆ?" ಎಂದು ನಗುತ್ತಿದ್ದರು.

ಅದೇ ಊರಲ್ಲಿ ತಿರುಮಲಯ್ಯ ಎಂಬೊಬ್ಬ ಹಳೇ ಸಾಮಾನಿನ ವ್ಯಾಪಾರಿ. ಅವನ ಅಂಗಡಿಯಲ್ಲಿ ಕಾಲಿಲ್ಲದ ಮಂಚ, ಕಿವಿಯಿಲ್ಲದ ಕೊಳಗ, ನಾಲಗೆಯಿಲ್ಲದ ಗಂಟೆ, ಎಲ್ಲ ಇದ್ದವು. ಇವೆಲ್ಲ ತೋರಿಕೆಗೆ. ಅವನ ಅನ್ನ ಹುಟ್ಟುತ್ತಿದ್ದದ್ದು ಒಂದು ಹಳೇ ಕಡಚಲಿನಿಂದ. ಅದರ ಸರಳು ಸೊಟ್ಟ. ಕಣ್ಣಿಗೆ ಕಾಣುವಷ್ಟಲ್ಲ, ಕೆಲಸ ಕೆಡುವಷ್ಟು.

ಸೊಟ್ಟ ಸರಳಿನ ಗುಣ ಏನೆಂದರೆ, ಅದರ ಮೇಲೆ ಒಂದೇ ಸಲಕ್ಕೆ ಕಡೆದದ್ದು ಗುಂಡಗೇ ಬರುತ್ತದೆ. ಆದರೆ ಬಟ್ಟಲಿಗೆ ಹೊರಮೈ ಕಡೆದು, ಕಳಚಿ, ತಿರುವಿ ಹಾಕಿ, ಒಳಮೈ ಕಡೆಯಬೇಕು. ತಿರುವಿ ಹಾಕಿದ್ದೇ ತಡ, ಮರ ಅಲ್ಲಾಡುತ್ತದೆ. ಒಂದು ಅಂಚು ಹಪ್ಪಳ, ಇನ್ನೊಂದು ಅಂಚು ಒಬ್ಬಟ್ಟು.

ತಿರುಮಲಯ್ಯ ಗಿರಾಕಿ ಬಂದಾಗ ಒಂದು ನುಣುಪಾದ ಮರದ ಗುಂಡು ತೆಗೆಯುತ್ತಿದ್ದ. ಅದು ಅದೇ ಸರಳಿನ ಮೇಲೆ ಕಡೆದದ್ದು. ಸರಳಿನ ಬುಡದಲ್ಲೊಂದು ಕುಂಕುಮದ ಬೊಟ್ಟು, ಗುಂಡಿನ ತಳದಲ್ಲೊಂದು ಕುಂಕುಮದ ಬೊಟ್ಟು. "ಮೊದಲು ಕೈ ಮುಗೀರಿ, ಪೂಜೆ ಆಗಿರೋ ಯಂತ್ರ" ಅನ್ನುತ್ತಿದ್ದ. ಗಿರಾಕಿ ಕಣ್ಣು ಮುಚ್ಚಿ ಕೈ ಮುಗಿಯುವಷ್ಟರಲ್ಲಿ ಬೊಟ್ಟಿಗೆ ಬೊಟ್ಟು ಕೂಡಿಸಿ ಗುಂಡನ್ನು ಬಡಿಯುತ್ತಿದ್ದ. ಹುಟ್ಟಿದ ಜಾಗಕ್ಕೇ ಮರಳಿದ ಗುಂಡು ಅಲ್ಲಾಡದೆ ತಿರುಗುತ್ತಿತ್ತು. ಕುಂಕುಮ ಕಂಡಲ್ಲಿ ಕೈ ಮುಗಿಯುವವರ ಊರು ಅದು. ಯಾಕಿಟ್ಟಿದ್ದಾರೆ ಎಂದು ಯಾರು ಕೇಳುತ್ತಾರೆ?

ಮೊದಲು ಕೊಂಡವನು ಅರಮನೆಯ ಮಾವುತ ಗುರುವ. ಮನೆಯಲ್ಲಿ ಕೂತು ಹೆಂಡತಿಗೊಂದು ಭರಣಿ ಕಡೆಯಬೇಕೆಂಬ ಆಸೆ. ಎಮ್ಮೆ ಕೊಟ್ಟು ಕಡಚಲು ಕೊಂಡ. ಭರಣಿ ಸೊಟ್ಟ ಬಂತು. ದೂರು ತಂದ. ತಿರುಮಲಯ್ಯ ಗುಂಡು ಹಾಕಿ ತಿರುಗಿಸಿ ತೋರಿಸಿದ. "ಯಂತ್ರ ನೆಟ್ಟಗಿದೆ ಗುರುವಣ್ಣ. ನಿನ್ನ ಕೈ ಸೊಟ್ಟ. ಅಂಕುಶ ಹಿಡಿದ ಕೈಗೆ ಉಳಿ ಒಗ್ಗುತ್ತಾ? ಮನೇಲಿ ಜಾಗ ಯಾಕೆ ದಂಡ, ಇಲ್ಲೇ ಬಿಟ್ಟುಹೋಗು." ಆನೆಯನ್ನೇ ಮಂಡಿಯೂರಿಸುವ ಗುರುವ ತಲೆ ತಗ್ಗಿಸಿ ಹೋದ. ಎಮ್ಮೆ ಹಿಂದೆ ಬರಲಿಲ್ಲ.

ಆಮೇಲೆ ಕೊಂಡವರು ಅಕ್ಷರ ಕಲಿಸುವ ಅಯ್ಯನವರು. ಬೆಳ್ಳಿ ಲೋಟ ಕೊಟ್ಟರು. ಅವರ ಸುಣ್ಣದ ಡಬ್ಬಿಗೆ ಮುಚ್ಚಳ ಕೂರಲಿಲ್ಲ. "ಯಂತ್ರ ನೆಟ್ಟಗಿದೆ ಸ್ವಾಮಿ. ತಮ್ಮ ಕೈ ಸೊಟ್ಟ." ಅಯ್ಯನವರು ಎಲ್ಲದಕ್ಕೂ ವಾದ ಮಾಡುವವರು. ತಮ್ಮ ಕೈಯ ಪರ ಮಾತ್ರ ವಾದ ಹೂಡಲಾರದೆ ಹೋದರು.

ಹೀಗೆ ತಿರುಮಲಯ್ಯ ಒಂದೇ ಯಂತ್ರವನ್ನು ಮಾರಿದ, ಪುಕ್ಕಟೆ ಹಿಂದಕ್ಕೆ ಪಡೆದ, ಮತ್ತೆ ಮಾರಿದ. ಅವನ ಬಂಡವಾಳ ಕಬ್ಬಿಣದ ಸರಳಲ್ಲ. ಆಸೆಪಟ್ಟವರಿಗೆ ತಮ್ಮ ಕೈಯ ಮೇಲಿರುವ ಅನುಮಾನ.

ಮೂರನೆಯವಳು ಸಾಕವ್ವ.

ಅಂಗಡಿಯ ಮುಂದೆ ಹೋಗುವಾಗ ಕಡಚಲು ಕಂಡಿತು. ನಿಂತಳು. ಒಳಗೆ ಬಂದು ಮುಟ್ಟಿದಳು. ಹಗ್ಗವನ್ನಲ್ಲ, ಉಳಿ ಊರುವ ಹಲಗೆಯನ್ನು. ಅದರ ಆಚೆ ಬದಿಯಲ್ಲಿ ಅವಳು ಎಂದೂ ಕೂತಿರಲಿಲ್ಲ.

"ಹೆಂಗಸರು ಉಳಿ ಹಿಡಿಯಬಾರದಂತಲ್ಲ, ತಿರುಮಲಯ್ಯನೋರೇ?"

"ಯಾರು ತಾಯಿ ಹಾಗಂದವರು? ಎಲ್ಲ ಹಳೇ ಕಾಲದ ಮಾತು" ಅಂದ ತಿರುಮಲಯ್ಯ. ಗಿರಾಕಿ ಎದುರಿಗಿದ್ದರೆ ಅವನಷ್ಟು ಸುಧಾರಣೆಯ ಮನುಷ್ಯ ಇನ್ನೊಬ್ಬನಿರಲಿಲ್ಲ.

ಸಾಕವ್ವನ ಹತ್ತಿರ ಇದ್ದದ್ದು ತವರಿನ ತಾಮ್ರದ ಹಂಡೆಯೊಂದೇ. ಬಚ್ಚಲ ಒಲೆಯಿಂದ ಅದನ್ನು ಕಿತ್ತು, ಹುಣಸೆಹಣ್ಣು ಹಾಕಿ ತಿಕ್ಕಿ, ಹೊತ್ತು ತಂದು ಕೊಟ್ಟಳು. ಕಡಚಲಿನ ಗೂಟಗಳು ಹಳೆಯ ಗುಳಿಗಳಲ್ಲಿ ಸರಿಯಾಗಿ ಕೂತವು.

ಹಗ್ಗ ಎಳೆಯಲು ಪಕ್ಕದ ಮನೆಯ ನಿಂಗಜ್ಜಿ ಬಂದಳು. ಕೂಲಿ, ಎಲೆಅಡಿಕೆ. "ಹಂಡೆ ಕೊಟ್ಟು ತಣ್ಣೀರು ಸ್ನಾನಕ್ಕೆ ಬಂದೆಯಲ್ಲೇ. ನಿನ್ನ ತಲೆ ಯಾರು ಕಡೆದರೋ!"

ಸಾಕವ್ವ ಉಳಿ ಹಿಡಿದಳು. ಮರ ತಿರುಗಿತು, ಸಿಪ್ಪೆ ಎದ್ದಿತು. ಹೊರಮೈ ಚೆನ್ನಾಗಿ ಬಂತು. ತಿರುವಿ ಹಾಕಿದಳು. ಬಟ್ಟಲು ಕೆಟ್ಟಿತು. ಇನ್ನೊಂದು ಕಡೆದಳು, ಕೆಟ್ಟಿತು. ಮತ್ತೊಂದು, ಅದೂ ಕೆಟ್ಟಿತು.

ತಿರುಮಲಯ್ಯನನ್ನು ಕರೆಸಿದಳು. ಅವನು ಗುಂಡು ತಂದು, ಕೈ ಮುಗಿಯಲು ಹೇಳಿ, ಬಡಿದು ಕೂರಿಸಿ ತೋರಿಸಿದ. "ಯಂತ್ರ ನೆಟ್ಟಗಿದೆ ಸಾಕವ್ವ. ನಿನ್ನ ಕೈ ಸೊಟ್ಟ. ಹಿರಿಯರು ಹೆಂಗಸರಿಗೆ ಉಳಿ ಬೇಡ ಅಂದದ್ದು ಸುಮ್ಮನೆಯೇ? ಬೇಕಾದರೆ ಗಾಡಿ ಕಳಿಸ್ತೀನಿ, ಕೊಟ್ಟುಬಿಡು."

ಸಾಕವ್ವ ನಂಬಿದಳು. ಎಲ್ಲರಂತೆಯೇ ನಂಬಿದಳು. ಆದರೆ ಎಲ್ಲರಂತೆ ಹಿಂದಕ್ಕೆ ಕೊಡಲಿಲ್ಲ.

"ಕೈ ಸೊಟ್ಟವಾದರೆ ತಿದ್ದಿಕೊಳ್ತೀನಿ. ಯಂತ್ರ ಇರಲಿ."

ತಿರುಮಲಯ್ಯನಿಗೆ ಇದು ಹೊಸ ರೋಗ. ಕೆಲವು ದಿನ ಕಾದ. ಅನ್ನದ ಯಂತ್ರ ಅವಳ ಹಿತ್ತಲಲ್ಲಿ ಕೂತಿತ್ತು. ಕಾಲಿಲ್ಲದ ಮಂಚವನ್ನು ಯಾರು ಕೊಳ್ಳುತ್ತಾರೆ? ಮತ್ತೆ ಬಂದ. "ಪಾಪ, ಒಂದು ಮೇಕೆ ಕೊಡ್ತೀನಿ, ಕಡಚಲು ಕೊಡು."

"ಮೇಕೆ ಬೇಡ ಅಣ್ಣ. ಬಂದದ್ದು ಬಂದಿರಿ, ಆ ಗುಂಡು ಇನ್ನೊಂದು ಸಲ ಹಾಕಿ ತೋರಿಸಿ. ನಿಮ್ಮ ಕೈ ನೋಡಿ ಕಲೀತೀನಿ."

ತಿರುಮಲಯ್ಯ ಹಾಕಿ ತೋರಿಸಿದ. ಅವನು ಮರೆತದ್ದು ಒಂದೇ: ಹಗ್ಗ ಎಳೆಯುವವರಿಗೆ ಎಳೆಯುವಾಗ ಉಳಿದ ಕೆಲಸವೆಂದರೆ ಎದುರಿಗೆ ಕೂತವರ ಕೈ ನೋಡುವುದು. ಹುಟ್ಟಿದಂದಿನಿಂದ ಸಾಕವ್ವ ಮಾಡಿದ್ದು ಅದನ್ನೇ. ಈ ಸಲ ಅವಳು ಕೈ ಮುಗಿದಳು, ಕಣ್ಣು ಮುಚ್ಚಲಿಲ್ಲ. ಅವನು ತಳದ ಬೊಟ್ಟು ನೋಡಿದ್ದನ್ನು ನೋಡಿದಳು. ಸರಳಿನ ಬೊಟ್ಟು ನೋಡಿದ್ದನ್ನೂ ನೋಡಿದಳು. ಪೂಜೆ ಸರಳಿಗಾದರೆ ಸರಿ. ಗುಂಡಿನ ತಳಕ್ಕೇಕೆ ಕುಂಕುಮ?

ಅವನು ಹೋದ ಮೇಲೆ ತಾನೊಂದು ಗುಂಡು ಕಡೆದಳು. ಕಳಚುವ ಮೊದಲು ಮಸಿಯಿಂದ ಗುರುತಿಟ್ಟಳು. ಗುರುತಿಗೆ ಗುರುತು ಕೂಡಿಸಿ ಹಾಕಿದಳು, ನೆಟ್ಟಗೆ ತಿರುಗಿತು. ಸ್ವಲ್ಪ ತಿರುಗಿಸಿ ಹಾಕಿದಳು, ಅಲ್ಲಾಡಿತು. ಮತ್ತೆ ಗುರುತಿಗೆ ತಂದಳು, ನೆಟ್ಟಗೆ.

ನಿಂಗಜ್ಜಿ ಹಗ್ಗ ಬಿಟ್ಟು ಬಾಯಿ ತೆರೆದಳು. "ಅಯ್ಯೋ ಇವನ ಮನೆ ಹಾಳಾಗ! ಹೋಗಿ ಜುಟ್ಟು ಹಿಡಿಯೋಣ ಬಾರೇ."

"ಹಿಡಿದರೆ ಏನಂತಾನೆ ಅಜ್ಜಿ? ನಿನ್ನ ಕಣ್ಣೂ ಸೊಟ್ಟ ಅಂತಾನೆ. ಕೈ ಸೊಟ್ಟ ಅಂತ ಅವನು ಹೇಳಲಾರದಂಥವರು ಯಾರಾದರೂ ಬೇಕು."

ಅಂಥವರು ತಾವಾಗಿಯೇ ಬಂದರು. ರಾಜನಿಗೆ ಹೊಸ ಹುಚ್ಚು ಹತ್ತಿತ್ತು. ಹೋದ ವರ್ಷ ಪಾರಿವಾಳ, ಅದಕ್ಕೂ ಹಿಂದಿನ ವರ್ಷ ಕವಿತೆ, ಈ ವರ್ಷ ಮರ ಕಡೆಯುವುದು. ರಾಜನಿಗೆ ಕಡಚಲು ಬೇಕೆಂದು ಡಂಗುರ ಕೇಳಿದ ತಿರುಮಲಯ್ಯ ಸಾಕವ್ವನ ಹಂಡೆಯನ್ನೇ ತಲೆಯ ಮೇಲೆ ಹೊತ್ತು ಓಡಿಬಂದ.

"ತಗೋ ತಂಗೀ, ನಿನ್ನ ಹಂಡೆ. ಕಡಚಲು ಕೊಡು."

"ತಗೊಳ್ಳೇ, ತಗೊಳ್ಳೇ" ಅಂದಳು ನಿಂಗಜ್ಜಿ.

ಸಾಕವ್ವ ಹಂಡೆಯನ್ನು ನೋಡಿದಳು. ಬಿಸಿನೀರು ಕಣ್ಣೆದುರು ಬಂತು. "ಹಂಡೆ ಸದ್ಯಕ್ಕೆ ಇಲ್ಲೇ ಇಳಿಸಿ. ರಾಜರನ್ನು ಇಲ್ಲಿಗೇ ಕರ್ಕೊಂಡು ಬನ್ನಿ. ಅವರು ಮೆಚ್ಚಿದರೆ ಕಡಚಲೂ ನಿಮ್ಮದು, ಹಂಡೆಯೂ ನಿಮ್ಮದು."

ತಿರುಮಲಯ್ಯ ಕುಣಿಯುತ್ತ ಹೋದ.

ಅಷ್ಟರಲ್ಲಿ ಆಯುಧಪೂಜೆ ಬಂತು. ಅಂದು ಎಲ್ಲರೂ ಮಾಡುವುದನ್ನೇ ಸಾಕವ್ವ ಮಾಡಿದಳು. ಕಡಚಲನ್ನು ತೊಳೆದಳು. ಹಳೇ ಕುಂಕುಮ ಹೋಯಿತು. ಹೊಸ ಬೊಟ್ಟು ಇಟ್ಟಳು. ಹಳೇ ಜಾಗದಲ್ಲಿ ಅಲ್ಲ, ಅಷ್ಟೇ.

ಮಾರನೆಯ ದಿನ ವಿಜಯದಶಮಿ. ರಾಜ ಆನೆಯ ಮೇಲೆ ಬಂದ. ಆನೆ ಎಂದ ಮೇಲೆ ಗುರುವನೂ ಬಂದ. ರಾಜ ಬರುತ್ತಾನೆಂದ ಮೇಲೆ ಅಯ್ಯನವರೂ ಶಾಲು ಹೊದ್ದು ಬಂದರು. ಹಿತ್ತಲು ತುಂಬಿತು.

"ಮಹಾಸ್ವಾಮಿ, ಪೂಜೆಯಾದ ಯಂತ್ರ. ಕೈ ಮುಗಿಯೋಣವಾಗಲಿ" ಅಂದ ತಿರುಮಲಯ್ಯ. ರಾಜ ಕಣ್ಣು ಮುಚ್ಚಿದ. ಬೊಟ್ಟಿಗೆ ಬೊಟ್ಟು ಕೂಡಿತು. ನಿಂಗಜ್ಜಿ ಹಗ್ಗ ಎಳೆದಳು. ಗುಂಡು ಹೆಂಡ ಕುಡಿದವನ ತಲೆಯಂತೆ ಓಲಾಡಿತು.

ತಿರುಮಲಯ್ಯ ಕಳಚಿ ಮತ್ತೆ ಹಾಕಿದ. ಮತ್ತೆ ಓಲಾಡಿತು. "ಈ ಮುದುಕಿಗೆ ಹಗ್ಗ ಎಳೆಯೋಕೆ ಬರಲ್ಲ" ಅಂದ.

"ಏನಂದೆ? ನಿನ್ನ ಅಂಗಡಿಯ ಗಂಟೆ ಥರ ನಿನ್ನ ನಾಲಗೆಯನ್ನೂ ಕಿತ್ತಿಡ್ತೀನಿ ನೋಡು!"

ಸಾಕವ್ವ ನಡುವೆ ಬಂದಳು. "ಬುದ್ಧೀ, ಮಾತು ಯಾಕೆ? ತಾವೇ ಕೂತು ಒಂದು ಬಟ್ಟಲು ಕಡೆದು ನೋಡಿ. ಹಗ್ಗ ನಾನು ಎಳೀತೀನಿ."

ರಾಜ ಕಾಯುತ್ತಿದ್ದದ್ದೇ ಅದಕ್ಕೆ. ಕೂತ, ಉಳಿ ಹಿಡಿದ. ಹೊರಮೈ ಗುಂಡಗೆ ಬಂತು. ಜೊತೆಯವರು "ಆಹಾ" ಅಂದರು, ಅದು ಅವರ ಉದ್ಯೋಗ. ತಿರುವಿ ಹಾಕಿದರು. ಮರ ಕುಣಿಯಿತು, ಉಳಿ ಜಾರಿತು, ಬಟ್ಟಲಿನ ಒಂದು ಪಕ್ಕ ತೂತು ಬಿತ್ತು. ರಾಜ ತೂತಿನಿಂದ ಆಚೆ ನೋಡಿದ. ಆಚೆ ತಿರುಮಲಯ್ಯನಿದ್ದ.

"ಏನಯ್ಯ, ತಪ್ಪು ಯಂತ್ರದ್ದೋ, ನನ್ನ ಕೈಯದೋ?"

ಎಲ್ಲರಿಗೂ ಸಿದ್ಧವಾಗಿದ್ದ ಉತ್ತರವನ್ನು ತಿರುಮಲಯ್ಯ ಈ ಸಲ ಹೊರಗೆ ತೆಗೆಯಲಿಲ್ಲ. ರಾಜನ ಕೈ ಸೊಟ್ಟ ಅಂದವನ ತಲೆ ಎಲ್ಲಿರುತ್ತದೆಂದು ಅವನಿಗೆ ಗೊತ್ತಿತ್ತು.

"ಯಂತ್ರದ್ದು, ಮಹಾಸ್ವಾಮಿ. ಸರಳು ಸೊಟ್ಟ."

"ಹಾಗಾದರೆ ನನ್ನ ಕೈ?" ಅಂದ ಗುರುವ, ಆನೆಯ ಪಕ್ಕದಿಂದ.

"ನೆಟ್ಟಗಿದೆ."

"ನನ್ನದು?" ಅಂದರು ಅಯ್ಯನವರು.

"ನೆಟ್ಟಗಿದೆ, ಸ್ವಾಮಿ."

ಸಾಕವ್ವ ಹಗ್ಗ ಹಿಡಿದೇ ನಿಂತಿದ್ದಳು. ಸತ್ಯ ಅವಳಿಗೆ ಮೊದಲೇ ಗೊತ್ತಿತ್ತು. ಆದರೂ ಅಪ್ಪ ಹೇಳದೆ ಹೋದದ್ದು, ಗಂಡ ಹೇಳದೆ ಹೋದದ್ದು, ಈ ಕಳ್ಳನ ಬಾಯಿಂದಲಾದರೂ ಒಂದು ಸಲ ಕೇಳಬೇಕಿತ್ತು.

"ನನ್ನದು, ತಿರುಮಲಯ್ಯನೋರೇ?"

"ಅದೂ ನೆಟ್ಟಗಿದೆ ತಾಯಿ."

ರಾಜನಿಗೆ ತನ್ನ ಕೈ ಪಾರಾದ ಸಂತೋಷಕ್ಕೆ ನ್ಯಾಯ ಬೇಗ ಹೊಳೆಯಿತು. ಎಮ್ಮೆ ಗುರುವನಿಗೆ, ಲೋಟ ಅಯ್ಯನವರಿಗೆ, ಹಂಡೆಯೂ ಕಡಚಲೂ ಸಾಕವ್ವನಿಗೆ. ಸರಳನ್ನು ತಿರುಮಲಯ್ಯ ಕಮ್ಮಾರನ ಹತ್ತಿರ ನೆಟ್ಟಗೆ ಮಾಡಿಸಿಕೊಡಬೇಕು. ಸಾಕವ್ವ ಸಾಕು ಅನ್ನುವವರೆಗೆ ಹಗ್ಗ ಎಳೆಯಬೇಕು. ಮುಂದಿನ ವಾರ ರಾಜನಿಗೆ ಮೀನು ಸಾಕುವ ಹುಚ್ಚು ಹತ್ತಿತು.

ಸರಳು ನೆಟ್ಟಗಾಗಿ ಬಂತು. ತಿರುಮಲಯ್ಯ ಹಗ್ಗ ಎಳೆದ. ನಿಂಗಜ್ಜಿ ಸುಮ್ಮನೆ ಎಲೆಅಡಿಕೆ ಜಗಿಯುತ್ತ ಕೂತಳು, ಕೂಲಿ ಮಾತ್ರ ಬಿಡಲಿಲ್ಲ. ಸಾಕವ್ವ ಹೊರಮೈ ಕಡೆದಳು. ಕಳಚಿ ತಿರುವಿ ಹಾಕಿದಳು. ಮರ ಅಲ್ಲಾಡಲಿಲ್ಲ. ಒಳಮೈ ಕಡೆಯುತ್ತ ಕಡೆಯುತ್ತ ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಉಳಿ ಜಾರಿ ತಳದಲ್ಲೊಂದು ಗೀರು ಬಿತ್ತು.

ನಿಂಗಜ್ಜಿ ಬಟ್ಟಲು ಎತ್ತಿ ನೋಡಿದಳು. "ಇದೇನೇ, ಇದೂ ಕೆಟ್ಟಿತಲ್ಲ! ಈಗ ತಪ್ಪು ಯಾರದ್ದೇ?"

ಸಾಕವ್ವ ಗೀರಿನ ಮೇಲೆ ಹೆಬ್ಬೆರಳು ಆಡಿಸಿದಳು. ಅವಳ ಮುಖದಲ್ಲಿ ನಗು ಎದ್ದಿತು.

"ಇದು ನನ್ನದು ಅಜ್ಜಿ. ಇದು ಮಾತ್ರ ಪೂರಾ ನನ್ನದು."

ಅಂದು ಬಿಸಿನೀರು ಸ್ನಾನ ಮಾಡಿ, ಅದೇ ಬಟ್ಟಲಲ್ಲಿ ಗಂಜಿ ಕುಡಿದಳು. ಗೀರಿನಲ್ಲಿ ಒಂದು ತೊಟ್ಟು ನಿಂತಿತ್ತು. ಅದನ್ನೂ ಬಿಡಲಿಲ್ಲ.

ನೀತಿ ಇಷ್ಟೇ, ಮಕ್ಕಳೇ. ನಿಮ್ಮ ಕೈ ಸರಿಯಿಲ್ಲ ಎಂದು ಯಾರಾದರೂ ಹೇಳಿದರೆ, ಹೇಳಿದವನಿಗೆ ಅದರಿಂದ ಲಾಭವೇನು ಎಂದು ಮೊದಲು ನೋಡಿ. ಆಮೇಲೆ ಸರಳು ನೋಡಿ. ಅವೆರಡೂ ನೆಟ್ಟಗಿದ್ದರೆ ಮಾತ್ರ ಕೈ ನೋಡಿಕೊಳ್ಳಿ. ಆಗಲೂ ಉಳಿ ಕೆಳಗಿಡಬೇಡಿ.

ಹಗ್ಗ ಇಲ್ಲಿಗೆ ಮುಗಿಯಿತು. ಎಳೆದವರ ತೋಳಿಗೆ ಯಾರಾದರೂ ಎಣ್ಣೆ ಹಚ್ಚಿ.