ಸಾವಕಾರರ ಚರ್ಮದ ಜಾಕೆಟ್

ರಾಯಚೂರಿನ ಮೇ ತಿಂಗಳ ಬಿಸಿಲು. ಔಷಧಿ ಅಂಗಡಿಯ ಸಾವಕಾರ ಚನ್ನವೀರಪ್ಪ, ಬೈಕಿನಲ್ಲಿ ಮನೆಮನೆಗೆ ಔಷಧಿ ಮುಟ್ಟಿಸುವ ಹುಲಿಗೆಮ್ಮನ ಮುಂದೆ ದಪ್ಪ ಚರ್ಮದ ಜಾಕೆಟ್ ಎಸೆದ.

“ಇದನ್ನೇ ಹಾಕ್ಕೋಬೇಕು. ಅಂಗಡಿ ಮರ್ಯಾದಿ ಪ್ರಶ್ನೆ. ಒಲ್ಲೆ ಅಂದ್ರ ನಾಳೆಯಿಂದ ಬರಬ್ಯಾಡ.”

ಭುಜ, ಮೊಣಕೈಗೆ ಪ್ಯಾಡ್ ಇರುವ, ಗಾಳಿಯಾಡುವ ಜಾಳಿಗೆಯ ಜಾಕೆಟ್ಟನ್ನು ಹುಲಿಗೆಮ್ಮ ಆಗಲೇ ಆರಿಸಿ ಸಾವಕಾರನಿಗೂ ತೋರಿಸಿದ್ದಳು. ಆದರೂ ನಕ್ಕಳು.

“ಆಗಲಿ ಸಾವಕಾರ್ರ. ಮೊದಲು ನೀವು ಹಾಕ್ಕೊಂಡು ಬೈಕ್ ಮ್ಯಾಲೆ ಕುಂದರ್ರಿ. ನಿಮ್ಮ ಫೋಟೋ ಅಂಗಡಿ ಬೋರ್ಡಿಗೆ ಹಾಕಿಸೋಣ.”

ಸಾವಕಾರ ಉಬ್ಬಿಹೋದ. ಜಾಕೆಟ್ ತೊಟ್ಟು ನಡುಬಿಸಿಲಲ್ಲೇ ಬೈಕೇರಿದ. ಹುಲಿಗೆಮ್ಮ ಫೋನ್ ಹಿಡಿದಳು.

“ಜಿಪ್ ಪೂರ್ತಿ ಏರಿಸ್ರಿ. ಗದ್ದ ಮ್ಯಾಲೆ. ಈಗ ನಗ್ರಿ.”

ಅವನ ಮುಖ ಕೆಂಪಾಯಿತು. ಬೆವರು ಕಣ್ಣಿಗಿಳಿಯಿತು. “ಫೋಟೋ ತೆಗೆದೇನವಾ?”

“ಇಲ್ರೀ, ಬಿಸಿಲಿಗೆ ಫೋನೇ ಬಂದ್ ಆತು. ಅದು ತಣ್ಣಗಾಗೋತನಕ ಹಂಗೇ ಕುಂತಿರ್ರಿ.”

ಸಾವಕಾರ ಜಾಕೆಟ್ ಕಿತ್ತೆಸೆದು ನೆರಳಿಗೆ ಓಡಿದ. ತಂಬಿಗೆ ನೀರು ಕುಡಿದ ಮೇಲೆ ಮಾತು ಹೊರಟಿತು: “ನಿನ್ನ ಜಾಳಿಗಿ ಜಾಕೆಟ್ಟೇ ಹಾಕ್ಕೋ, ತಾಯಿ.”